ಬರಬ್ಯಾಡ ಅಂದಿಲ್ರಿ, ಹಗಲ ಬರಬ್ಯಾಡ ಅಂದೀವಿ

ಕಲಬುರಗಿಯಲ್ಲಿ ಕೂತು ಆಪ್ತಸಲಹೆ ಮಾಡುವ ನನ್ನ ಹತ್ತಿರ ಇಂಥ ಪ್ರಕರಣ ಮತ್ತೆ ಮತ್ತೆ ಬರುತ್ತದೆ. ಗಂಡು ಅಂತ ಬೆಳೆಸಿದ ಮಗು ಊರು ಬಿಟ್ಟು ಹೋಗಿ, ಕೆಲವು ವರ್ಷದ ಮೇಲೆ ಹೆಣ್ಣಾಗಿ ಮನೆಗೆ ಬರಬೇಕು ಅನ್ನುತ್ತದೆ. ಮನೆಯವರು ಬೇಡ ಅನ್ನುವುದಿಲ್ಲ, ಷರತ್ತು ಹಾಕುತ್ತಾರೆ. ಆ ಷರತ್ತಿನ ಬಗ್ಗೆಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವಳ ಒಪ್ಪಿಗೆ ಇದೆ.

ಅವಳನ್ನು ಸುಮಾ ಅನ್ನೋಣ. ಯಾದಗಿರಿ ಜಿಲ್ಲೆಯವಳು. ನಮ್ಮ ಕಡೆ ಗುಳೆ ಹೋಗುವುದು ಹೊಸದಲ್ಲ. ಸುಮಾಳೂ ಹದಿಹರೆಯದಲ್ಲಿ ಸೋದರಮಾವನ ಜೊತೆ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋದಳು. ಮಳೆಗಾಲಕ್ಕೆ ಉಳಿದವರು ವಾಪಸ್ ಬಂದರು, ಅವಳು ಬರಲಿಲ್ಲ. ನಡಿಗೆ, ಮಾತು ಹೆಣ್ಣಿನ ಹಾಗೆ ಅಂತ ಶೆಡ್ಡಿನಲ್ಲಿ ಹೊಡೆಯುತ್ತಿದ್ದರು. ಹಿಜ್ರಾ ಸಮುದಾಯದವರು ಒಟ್ಟಿಗಿರುವ ಹಮಾಮ್ ಸೇರಿದಳು. ಈಗ ಅಡುಗೆ ಕೆಲಸ ಮಾಡುತ್ತಾಳೆ, ಬಿಡುವಿದ್ದಾಗ ಬೀದಿ ನಾಟಕ. ಮನೆಗೆ ತಪ್ಪದೆ ದುಡ್ಡು ಕಳಿಸುತ್ತಾಳೆ.

ತಂಗಿಯ ಮದುವೆ ಗೊತ್ತಾಗಿತ್ತು. ಸುಮಾ, ತಾಯಿ, ಸೋದರಮಾವ ಮೂವರೂ ಬಂದರು. ಮಾವ ಮೊದಲು ಕೇಳಿದ್ದು, “ಇದಕ್ಕ ಔಷಧ ಇಲ್ಲೇನ್ರಿ ಮೇಡಂ?” ಇದು ಕಾಯಿಲೆಯೇ ಅಲ್ಲ ಅಂದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಇದನ್ನು ಮಾನಸಿಕ ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ. ಸರಿಮಾಡಿಕೊಡ್ತೀನಿ ಅನ್ನುವ ವೈದ್ಯರ ನಡತೆ ವೃತ್ತಿಗೆ ವಿರುದ್ಧ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ.

ಆಗ ತಾಯಿ ಬಾಯಿ ತೆರೆದರು. “ಬರಬ್ಯಾಡ ಅಂದಿಲ್ರಿ. ಹಗಲ ಬರಬ್ಯಾಡ ಅಂದೀವಿ. ಕತ್ತಲಾದ ಮ್ಯಾಲ ಬರ್ಲಿ, ತಂಗೀನ ನೋಡ್ಲಿ, ನಸುಕಿನ್ಯಾಗ ಹೋಗ್ಲಿ. ಹಗಲ ಬರೂದಾದ್ರ ಕೂದಲ ಕತ್ತರಿಸಿ ಪ್ಯಾಂಟ್ ಶರ್ಟ್ ಹಾಕ್ಕೊಂಡು ಬರ್ಲಿ.”

ಸುಮಾ ಅಲ್ಲಿಯವರೆಗೆ ಸುಮ್ಮನಿದ್ದವಳು ತಾಯಿಯ ಕಡೆ ತಿರುಗಿದಳು. “ರಾತ್ರಿ ಬರ್ಲಾಕ ನಾ ಏನ್ ಕಳ್ಳೀನಾ ಯವ್ವಾ?”

ತಾಯಿ ಅತ್ತರು. ಅವರಿಗೆ ಮಗಳು ಬೇಡ ಅಂತಲ್ಲ. ಬೀಗರು ಏನಂತಾರೋ, ಮದುವೆ ಮುರಿದರೆ ಏನು ಗತಿ ಅನ್ನುವ ಭಯ. ಆ ಭಯ ಸುಳ್ಳಲ್ಲ, ಅದನ್ನು ನಾನು ಸುಮಾಗೂ ಹೇಳಿದೆ.

ಮಾವ ಇನ್ನೊಂದು ದಾರಿ ತೋರಿಸಿದರು. ಎಲ್ಲಮ್ಮನ ಮುತ್ತು ಕಟ್ಟಿಸಿಕೊಂಡು, ಅಂದರೆ ದೇವಿಯ ಸೇವೆಗೆ ಮುಡಿಪಾಗಿ, ಜೋಗಪ್ಪ ಆದರೆ ಊರೇ ಕಾಲಿಗೆ ಬೀಳುತ್ತದೆ, ಮಂಜಮ್ಮ ಜೋಗತಿಗೆ ಪದ್ಮಶ್ರೀ ಬಂದಿಲ್ಲವಾ ಅಂದರು. ಮಂಜಮ್ಮ ಬಳ್ಳಾರಿ ಕಡೆಯವರು, ಸುಮಾಳ ಹಾಗೆಯೇ ಲಿಂಗತ್ವ ಅಲ್ಪಸಂಖ್ಯಾತ ಮಹಿಳೆ, ಜೋಗತಿ ನೃತ್ಯ ಕಲಿತು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದವರು, 2021ರ ಪದ್ಮಶ್ರೀ ಅವರದು. ಅವರ ಮೇಲೆ ನನಗೆ ತುಂಬಾ ಗೌರವ ಇದೆ. ಭಕ್ತಿಯಿಂದ ಆ ದಾರಿ ಹಿಡಿದವರ ಮೇಲೂ ಇದೆ. ಆದರೆ ಸುಮಾಗೆ ಆ ಕರೆ ಇಲ್ಲ. ತನ್ನ ಮನೆಯಲ್ಲಿ ಕೂತು ಉಣ್ಣಲು ಒಬ್ಬ ಮಗಳು ದೇವರನ್ನು ಹೊತ್ತುಕೊಂಡೇ ಬರಬೇಕಾ? ಪ್ರಶಸ್ತಿ ತಂದೇ ತೋರಿಸಬೇಕಾ? ಇದನ್ನು ಮಾವನಿಗೆ ನೇರವಾಗಿ ಕೇಳಿದೆ. ಅವರು ಉತ್ತರ ಕೊಡಲಿಲ್ಲ.

ಆಮೇಲೆ ಸುಮಾ ಒಬ್ಬಳೇ ಇದ್ದಾಗ ಅವಳಿಗೆ ಸಲಹೆ ಕೊಟ್ಟೆ. ರಾತ್ರಿ ಹೋಗುವ ಷರತ್ತು ಒಪ್ಪಬೇಡ. ಕೂದಲು ಕತ್ತರಿಸಬೇಡ. ಮದುವೆಗೆ ಹೋಗದಿದ್ದರೂ ನಡೆಯುತ್ತದೆ, ಆದರೆ ಮದುವೆಗೆ ಮುಂಚೆ ತಂಗಿಯನ್ನು ಕಲಬುರಗಿಯಲ್ಲಿ ಹಗಲಲ್ಲೇ ನೋಡು. ದುಡ್ಡಿನ ವಿಷಯಕ್ಕೆ ಜಾಸ್ತಿ ಹೊತ್ತು ಕೊಟ್ಟೆ. ಸಿಟ್ಟಿನಲ್ಲಿ ನಿಲ್ಲಿಸಬೇಡ. ಯಾರೂ ಒಳಗೆ ಕರೆಯದಿದ್ದರೂ ನಿನಗೆ ಎಷ್ಟು ಕೊಡಬೇಕು ಅನ್ನಿಸುತ್ತದೋ ಅಷ್ಟೇ ಕಳಿಸು, ಉಳಿದದ್ದು ನಿನ್ನ ಖಾತೆಯಲ್ಲಿರಲಿ. ಒಳಗೆ ಬಿಟ್ಟುಕೊಳ್ಳಲಿ ಅಂತ ದುಡ್ಡು ಕೊಡಲು ಶುರು ಮಾಡಿದರೆ ಅದಕ್ಕೆ ಕೊನೆಯಿಲ್ಲ. ಇಂಥ ಮಕ್ಕಳು ಬರಿಗೈಯಾಗುವುದನ್ನು ನೋಡಿದ್ದೇನೆ.

ತಾಯಿಗೆ ಕಾನೂನಿನ ಮಾತೂ ಹೇಳಿದೆ. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣೆಗೆ ಇರುವ 2019ರ ಕಾಯ್ದೆಯ 12ನೇ ಕಲಂ ಪ್ರಕಾರ ತಂದೆ ತಾಯಿ ಇರುವ ಮನೆಯಲ್ಲಿ ಇರುವ ಹಕ್ಕು ಇವಳಿಗೂ ಇದೆ. ಹೆದರಿಸಲು ಹೇಳಿದ್ದಲ್ಲ. ಮಗಳು ಕೇಳುತ್ತಿರುವುದು ಭಿಕ್ಷೆಯಲ್ಲ ಅಂತ ಅವರಿಗೆ ಗೊತ್ತಿರಲಿ ಅಂತ.

“ಒಂದು ದಿನ ಪ್ಯಾಂಟ್ ಹಾಕಿದ್ದರೆ ಏನಾಗುತ್ತಿತ್ತು? ಮನೆ ಒಂದಾಗುತ್ತಿತ್ತಲ್ವಾ?” ಅಂತ ಇದೇ ಕೆಲಸದಲ್ಲಿರುವ ಗೆಳತಿಯೊಬ್ಬರು ಕೇಳಿದರು. ಅದು ಒಂದು ದಿನದ ಮಾತಲ್ಲ. ಮದುವೆ ಆದ ಮೇಲೆ ಕುಬಸ ಬರುತ್ತದೆ, ತೊಟ್ಟಿಲು ಬರುತ್ತದೆ, ಜಾತ್ರೆ ಬರುತ್ತದೆ. ನಾಳೆ ಅಪ್ಪ ತೀರಿಕೊಂಡರೂ ಅವಳು ಕತ್ತಲಾಗುವವರೆಗೆ ಕಾಯಬೇಕಾ? ಸಲಹೆಗಾರರೇ ಆ ಷರತ್ತಿಗೆ ಹೂಂ ಅಂದರೆ ಮನೆಯವರಿಗೆ ಮುಂದೆ ಯೋಚಿಸುವ ಅಗತ್ಯವೇ ಇರುವುದಿಲ್ಲ.

ಸುಮಾ ಮದುವೆಗೆ ಹೋಗಲಿಲ್ಲ. ತಂಗಿ ಮದುವೆಗೆ ಮುಂಚೆ ಒಂದು ಮಧ್ಯಾಹ್ನ ಬಂದು ಅವಳ ಜೊತೆ ಬಳೆ ಕೊಂಡು ಹೋದಳು. ಮುಂದಿನ ಸಲ ಅಪ್ಪನನ್ನು ಕರೆತರುತ್ತೇನೆ ಅಂತ ತಾಯಿ ಹೇಳಿದ್ದಾರೆ. ಮಾವ ಬರುವುದು ಬೇಡ ಅಂತ ನಾನು ಹೇಳಿದ್ದೇನೆ.