ಒಂದೇ ಸ್ವರದ ಮೇಲೆ ಹತ್ತು ನಿಮಿಷ

ಕಳೆದ ಸಂಚಿಕೆಯಲ್ಲಿ ಜರ್ಮನಿಯ ‘ನೋಯ್!’ ಎಂಬ ಜೋಡಿಯು 1972ರಲ್ಲಿ ಹೊರತಂದ, ತನ್ನದೇ ಹೆಸರಿನ ಮೊದಲ ಆಲ್ಬಂ ಬಗ್ಗೆ ಬರೆದಿದ್ದೆ. ರಾಕ್ ಸಂಗೀತದ ವಾದ್ಯಗಳನ್ನೇ ಹಿಡಿದು, ಹಾಡುಗಾರಿಕೆಯನ್ನು ಬಹುಮಟ್ಟಿಗೆ ಬದಿಗಿಟ್ಟು, ಧ್ವನಿಮುದ್ರಣದ ಯಂತ್ರಗಳನ್ನೂ ವಾದ್ಯಗಳಂತೆ ಬಳಸಿದ ಪ್ರಯೋಗ ಅದು. ಓದುಗರಿಂದ ಬಂದ ಪತ್ರಗಳಲ್ಲಿ ಐದನ್ನು ಆರಿಸಿಕೊಂಡು ಇಲ್ಲಿ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನೀವು ಬರೆದದ್ದನ್ನು ಓದಿ ಮೊದಲ ರಚನೆಯಾದ ‘ಹಲೋಗಾಲೋ’ವನ್ನು ಎರಡು ಸಲ ಕೇಳಿದೆ. ಹತ್ತು ನಿಮಿಷ ಅದೇ ತಾಳ, ಅದೇ ಸ್ವರ. ನಲವತ್ತು ವರ್ಷಗಳಿಂದ ಹಿಂದೂಸ್ತಾನಿ ಸಂಗೀತ ಕೇಳುತ್ತಿರುವ ನನಗೆ ಇದರಲ್ಲಿ ಬಢತ್, ಎಂದರೆ ರಾಗವನ್ನು ಹಂತಹಂತವಾಗಿ ಬೆಳೆಸುವ ಕ್ರಮ, ಎಲ್ಲಿದೆ ಎಂಬುದೇ ತಿಳಿಯಲಿಲ್ಲ. ನಾನು ಏನನ್ನು ಕೇಳಬೇಕಿತ್ತು?
— ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ಬಢತ್ ಇಲ್ಲ ಎಂದು ನಿಮ್ಮ ಕಿವಿ ಹೇಳಿದ್ದು ಸರಿಯಾಗಿಯೇ ಇದೆ, ಅದನ್ನು ಅನುಮಾನಿಸಬೇಡಿ. ನಿಧಾನದ ವಿಲಂಬಿತದಿಂದ ವೇಗದ ದ್ರುತಕ್ಕೆ ಏರುವುದು, ಸ್ವರದಿಂದ ಸ್ವರಕ್ಕೆ ರಾಗವನ್ನು ಬಿಡಿಸುವುದು, ಒಂದೇ ತುಣುಕನ್ನು ಮೂರು ಸಲ ನುಡಿಸುವ ತಿಹಾಯಿ ಹಾಕಿ ತಾಳದ ಮೊದಲ ಎಣಿಕೆಯಾದ ಸಮಕ್ಕೆ ಬಂದು ನಿಲ್ಲುವುದು, ಇವು ಯಾವುವೂ ಈ ರಚನೆಯಲ್ಲಿಲ್ಲ. ಆ ಕಾಲದ ಪಾಶ್ಚಾತ್ಯ ರಾಕ್ ಸಂಗೀತದಲ್ಲಿ ಸಾಮಾನ್ಯವಾಗಿದ್ದ ಪಲ್ಲವಿ-ಚರಣಗಳ ಕಟ್ಟಡವಾಗಲಿ, ನಡುವೆ ಗಿಟಾರ್ ವಾದಕ ತನ್ನ ಕೈಚಳಕ ತೋರಿಸುವ ಸರದಿಯಾಗಲಿ ಕೂಡ ಇಲ್ಲ. ಇಬ್ಬರು ಯುವಕರು ಅವನ್ನೆಲ್ಲ ಬೇಕೆಂದೇ ಕೈಬಿಟ್ಟರು. ಹಾಗೆ ಬಿಟ್ಟ ಮೇಲೆ ಉಳಿದದ್ದೇನು ಎಂಬುದೇ ಈ ಆಲ್ಬಂ.

ಆ ಇಬ್ಬರು ಯಾರೆಂದು ತಿಳಿದರೆ ವಿಷಯ ಸ್ವಲ್ಪ ಸ್ಪಷ್ಟವಾಗುತ್ತದೆ. ಗಿಟಾರ್ ನುಡಿಸಿದ ಮಿಖಾಯೆಲ್ ರೋಥರ್ ಮತ್ತು ಡ್ರಮ್ಸ್ ನುಡಿಸಿದ ಕ್ಲೌಸ್ ಡಿಂಗರ್ ಡ್ಯೂಸೆಲ್ಡಾರ್ಫ್ ನಗರದವರು. 1971ರಲ್ಲಿ ಕೆಲವು ತಿಂಗಳು ಇಬ್ಬರೂ ‘ಕ್ರಾಫ್ಟ್‌ವೆರ್ಕ್’ ತಂಡದಲ್ಲಿದ್ದು, ಅದರ ಸ್ಥಾಪಕರಲ್ಲೊಬ್ಬರಾದ ಫ್ಲೋರಿಯಾನ್ ಶ್ನೈಡರ್ ಜೊತೆ ಕಛೇರಿಗಳನ್ನು ಕೊಟ್ಟರು. ಅದೇ ವರ್ಷ ಬೇರೆಯಾಗಿ ತಮ್ಮದೇ ಜೋಡಿ ಕಟ್ಟಿಕೊಂಡರು. ಯುದ್ಧದ ನಂತರ ಹುಟ್ಟಿದ ಆ ಪೀಳಿಗೆಯ ಜರ್ಮನ್ ಸಂಗೀತಗಾರರಲ್ಲಿ ಅನೇಕರಿಗೆ ಅಪ್ಪಂದಿರ ಕಾಲದ ಹಾಡುಗಳೂ ಬೇಡವಾಗಿದ್ದವು, ಇಂಗ್ಲೆಂಡ್ ಮತ್ತು ಅಮೆರಿಕದ ಬ್ಲೂಸ್ ಧಾಟಿಯನ್ನು ಅನುಕರಿಸುವುದೂ ಸಾಕಾಗಿತ್ತು. ರೋಥರ್ ಹುಡುಗನಾಗಿದ್ದಾಗ, 1960ರ ದಶಕದ ಆರಂಭದಲ್ಲಿ, ಅವರ ಕುಟುಂಬ ಕೆಲ ವರ್ಷ ಕರಾಚಿಯಲ್ಲಿತ್ತು. ಅಲ್ಲಿ ಕೇಳಿದ, ಆರಂಭವೂ ಅಂತ್ಯವೂ ಇಲ್ಲವೆನ್ನುವಂತೆ ಹರಿಯುತ್ತಿದ್ದ ಸಂಗೀತ ತಮ್ಮ ಮೇಲೆ ಉಳಿದುಬಿಟ್ಟಿತೆಂದು ಅವರೇ ಅನೇಕ ಸಂದರ್ಶನಗಳಲ್ಲಿ ಹೇಳಿದ್ದಾರೆ. ಇಷ್ಟಕ್ಕೇ ‘ಹಲೋಗಾಲೋ’ದಲ್ಲಿ ನಮ್ಮ ರಾಗಗಳನ್ನು ಹುಡುಕಲು ಹೊರಡುವುದು ತಪ್ಪಾಗುತ್ತದೆ, ಅದರಲ್ಲಿ ರಾಗವಿಲ್ಲ. ಆದರೆ ತಂಬೂರಿಯ ಎದುರು ಕುಳಿತು ಷಡ್ಜದಲ್ಲೇ ನೆಲೆ ನಿಂತ ಅನುಭವವಿರುವ ನಿಮಗೆ, ಒಂದೇ ಆಧಾರಸ್ವರದ ಮೇಲೆ ಹತ್ತು ನಿಮಿಷ ಕೂರುವುದು ಪರಕೀಯವಾಗಬೇಕಾಗಿಲ್ಲ.

ಇನ್ನೊಮ್ಮೆ ಕೇಳುವಾಗ ಹೀಗೆ ಮಾಡಿ ನೋಡಿ. ಡ್ರಮ್ಸ್ ಕಡೆ ಗಮನ ಕೊಡುವುದನ್ನು ಬಿಟ್ಟು, ಅದನ್ನು ರೈಲಿನ ಸದ್ದಿನ ಹಾಗೆ ಅದರ ಪಾಡಿಗೆ ಬಿಡಿ. ಅದರ ಮೇಲೆ ಒಂದು ಗಿಟಾರ್ ತಂತಿಗಳನ್ನು ಅರೆಬರೆ ಅದುಮಿ ಹಿಡಿದು ಕರ್ರ್ ಕರ್ರ್ ಎಂದು ಕೆರೆಯುತ್ತಿರುತ್ತದೆ. ಅದರ ಹಿಂದಿನಿಂದ ಇನ್ನೊಂದು ಗಿಟಾರಿನ ನೀಳ ಸ್ವರಗಳು, ಮೀಟಿದ ಸದ್ದೇ ಇಲ್ಲದೆ, ಉಸಿರೆಳೆದಂತೆ ಉಬ್ಬಿ ಬಂದು ತಟಕ್ಕನೆ ಇಲ್ಲವಾಗುತ್ತವೆ. ಒಂದು ಸ್ವರ ಹೋಗುವ ಹೊತ್ತಿಗೆ ಇನ್ನೊಂದು ಬಂದಿರುತ್ತದೆ, ಕೆಲವೊಮ್ಮೆ ಎರಡೂ ಒಂದರ ಮೇಲೊಂದು ಹಾಯುತ್ತವೆ. ಮೂರನೆಯ ನಿಮಿಷದಲ್ಲಿ ಇದ್ದದ್ದು ಏಳನೆಯ ನಿಮಿಷದಲ್ಲಿ ಇರುವುದಿಲ್ಲ, ಆದರೆ ಯಾವಾಗ ಬದಲಾಯಿತೆಂದು ಬೆರಳಿಟ್ಟು ತೋರಿಸಲು ನನಗೆ ಇವತ್ತಿಗೂ ಆಗಿಲ್ಲ. ಆ ಅರಿವಿಗೆ ಬಾರದ ಬದಲಾವಣೆಯೇ ನನ್ನನ್ನು ಈ ರಚನೆಗೆ ಮತ್ತೆ ಮತ್ತೆ ಕರೆತರುತ್ತದೆ. ನೆಲ ಕದಲದೆ ಇರುವುದರಿಂದಲೇ ಅದರ ಮೇಲಿನ ಸಣ್ಣ ಚಲನೆಯೂ ಕಾಣುತ್ತದೆ.

ಪ್ರಶ್ನೆ: ಇದನ್ನು ಕೆಲವರು ರಾಕ್ ಎನ್ನುತ್ತಾರೆ, ಕೆಲವರು ಎಲೆಕ್ಟ್ರಾನಿಕ್ ಸಂಗೀತದ ಪಟ್ಟಿಯಲ್ಲಿ ಸೇರಿಸುತ್ತಾರೆ. ವಿದ್ಯುತ್ತಿನಿಂದಲೇ ಸದ್ದು ಹುಟ್ಟಿಸುವ ಸಿಂಥಸೈಸರ್ ವಾದ್ಯದ ಸದ್ದು ನನಗೆ ಕೇಳಿಸಲಿಲ್ಲ. ಹಾಗಾದರೆ ಆ ವಿಚಿತ್ರ ಧ್ವನಿಗಳು ಎಲ್ಲಿಂದ ಬಂದವು?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಬೆಂಗಳೂರು

ಉತ್ತರ: ಅವು ಬಂದದ್ದು ಧ್ವನಿ ಮುದ್ರಿಸುವ ಟೇಪಿನಿಂದ ಮತ್ತು ಮುದ್ರಿಸಿದ ಸದ್ದುಗಳನ್ನು ಬೆರೆಸುವ ಮಿಕ್ಸಿಂಗ್ ಮೇಜಿನಿಂದ. ಹಾಗಾಗಿ ಈ ಆಲ್ಬಂ ಬಗ್ಗೆ ಮಾತನಾಡುವಾಗ ಮೂರನೆಯ ಹೆಸರೊಂದನ್ನು ಬಿಟ್ಟರೆ ಅನ್ಯಾಯವಾಗುತ್ತದೆ. ಅದು ಧ್ವನಿಮುದ್ರಣ ಎಂಜಿನಿಯರ್ ಕೊನ್ನಿ ಪ್ಲಾಂಕ್ ಅವರ ಹೆಸರು. 1971ರ ಡಿಸೆಂಬರಿನಲ್ಲಿ ಹ್ಯಾಂಬರ್ಗಿನ ಸ್ಟುಡಿಯೋ ಒಂದನ್ನು ನಾಲ್ಕೇ ರಾತ್ರಿಗಳ ಮಟ್ಟಿಗೆ ಹಿಡಿದು ಮೂವರೂ ಕೂಡಿ ಇಡೀ ಆಲ್ಬಂ ಮುಗಿಸಿದರು. ಇಬ್ಬರು ವಾದಕರು ಮೂರು-ನಾಲ್ಕು ವಾದ್ಯಗಳ ಕೆಲಸ ಮಾಡಬೇಕಾದಾಗ ಒಂದು ಪದರದ ಮೇಲೆ ಇನ್ನೊಂದು ಪದರವನ್ನು ಮುದ್ರಿಸುವುದೊಂದೇ ದಾರಿ. ಆ ಪದರಗಳಲ್ಲಿ ಯಾವುದನ್ನು ಯಾವಾಗ ಮುಂದೆ ತರಬೇಕು, ಯಾವುದನ್ನು ಮುಳುಗಿಸಬೇಕು ಎಂಬುದು ಮಿಕ್ಸಿಂಗ್ ಮೇಜಿನಲ್ಲಿ ಕುಳಿತವರ ಕೈಯಲ್ಲಿತ್ತು. ಹಿಂದಿನ ಉತ್ತರದಲ್ಲಿ ಹೇಳಿದ ಅರಿವಿಗೆ ಬಾರದ ಬದಲಾವಣೆಗಳಲ್ಲಿ ಪ್ಲಾಂಕ್ ಅವರ ಬೆರಳುಗಳ ಪಾಲು ದೊಡ್ಡದು.

ಉಬ್ಬಿ ಬರುವ ಆ ಗಿಟಾರಿನ ಗುಟ್ಟು ಸರಳ. ತಂತಿಯನ್ನು ಮೀಟಿದಾಗ ಸದ್ದು ಮೊದಲ ಕ್ಷಣದಲ್ಲಿ ಅತ್ಯಂತ ಗಟ್ಟಿಯಾಗಿದ್ದು, ಆಮೇಲೆ ನಿಧಾನವಾಗಿ ಅಡಗುತ್ತದೆ. ಟೇಪನ್ನು ತಿರುಗಿಸಿ ಹಾಕಿದರೆ ಅದೇ ಸದ್ದು ಮೌನದಿಂದ ಏರುತ್ತಾ ಬಂದು, ಗಟ್ಟಿಯಾದ ಕ್ಷಣದಲ್ಲೇ ಕಡಿದುಹೋಗುತ್ತದೆ. ವಾದಕನು ಹಿಮ್ಮುಖವಾಗಿ ಓಡುವ ಮುದ್ರಣವನ್ನು ಕೇಳುತ್ತಾ ಅದರ ಜೊತೆ ನುಡಿಸಬೇಕು, ನಂತರ ಟೇಪನ್ನು ಮತ್ತೆ ನೇರ ಮಾಡಿದಾಗ ತಾಳ ಸರಿಯಾಗಿ ಮುಂದಕ್ಕೆ ಓಡುತ್ತದೆ, ಅವನ ಗಿಟಾರ್ ಮಾತ್ರ ಹಿಂದಕ್ಕೆ ಓಡುತ್ತದೆ. ನಿಮ್ಮ ಫೋನಿನಲ್ಲಿ ಧ್ವನಿ ಸಂಪಾದಿಸುವ ಯಾವುದಾದರೂ ಆ್ಯಪ್ ಇದ್ದರೆ, ಸ್ಟೀಲ್ ಲೋಟಕ್ಕೆ ಚಮಚದಿಂದ ಒಮ್ಮೆ ಬಡಿದು ಮುದ್ರಿಸಿಕೊಂಡು ಅದನ್ನು ತಿರುಗಿಸಿ ಕೇಳಿ. ಈ ಆಲ್ಬಂನ ಅರ್ಧ ವ್ಯಾಕರಣ ಅಲ್ಲೇ ಸಿಗುತ್ತದೆ.

ರಾಕ್ ಅಥವಾ ಎಲೆಕ್ಟ್ರಾನಿಕ್ ಎಂಬ ಪ್ರಶ್ನೆಗೆ ನನ್ನ ಅಭಿಪ್ರಾಯ ಇದು: ವಾದ್ಯಗಳಿಂದ ನೋಡಿದರೆ ಇದು ರಾಕ್, ಕಟ್ಟಿದ ಕ್ರಮದಿಂದ ನೋಡಿದರೆ ಎಲೆಕ್ಟ್ರಾನಿಕ್. ಮುಂದೆ ಯಂತ್ರಗಳಿಂದಲೇ ಸಂಗೀತ ಮಾಡಿದವರು ಯಾವ ಬಗೆಯ ಪುನರಾವರ್ತನೆಯನ್ನು ಬಯಸಿದರೋ ಅದನ್ನು ಇವರು ಕೈಕಾಲುಗಳಿಂದ ಮಾಡಿ ತೋರಿಸಿದ್ದರು.

ಪ್ರಶ್ನೆ: ಈ ಆಲ್ಬಂನಲ್ಲಿ ನಮ್ಮ ಬುಲ್‌ಬುಲ್ ತರಂಗ್ ವಾದ್ಯವನ್ನು ಬಳಸಿದ್ದಾರೆಂದು ಒಬ್ಬರು ಹೇಳಿದರು. ನಿಜವೇ?
— ಓದುಗರು, ಮಂಗಳೂರು

ಉತ್ತರ: ಬುಲ್‌ಬುಲ್ ತರಂಗ್ ಅಲ್ಲ, ಅದರ ಮೂಲ. ಜಪಾನಿನ ನಗೋಯಾದಲ್ಲಿ 1912ರಲ್ಲಿ ಮೊರಿಟಾ ಗೊರೊ ಎಂಬವರು ‘ತೈಶೋಗೊಟೊ’ ಎಂಬ ವಾದ್ಯವನ್ನು ರೂಪಿಸಿದರು. ಮರದ ಪೆಟ್ಟಿಗೆಯ ಮೇಲೆ ತಂತಿಗಳನ್ನು ಬಿಗಿದು, ಟೈಪ್‌ರೈಟರಿನಂತಹ ಕೀಲಿಗಳನ್ನು ಎಡಗೈಯಿಂದ ಒತ್ತುತ್ತಾ ಬಲಗೈಯಿಂದ ಮೀಟುವ ವಾದ್ಯ ಅದು. ಅದೇ ಭಾರತಕ್ಕೆ ಬಂದು ಬುಲ್‌ಬುಲ್ ತರಂಗ್ ಆಯಿತು. ನನ್ನ ಸೋದರಮಾವನ ಬಳಿ ಒಂದಿತ್ತು. ಅದರ ಎರಡು ಕೀಲಿಗಳು ಒತ್ತಿದರೆ ಮೇಲಕ್ಕೆ ಏಳುತ್ತಿರಲಿಲ್ಲವಾದ್ದರಿಂದ, ಅವರು ಒಂದೊಂದು ಸಲವೂ ಕಿರುಬೆರಳಿನಿಂದ ಅವನ್ನು ಎತ್ತಿ ಬಿಟ್ಟು ನುಡಿಸುತ್ತಿದ್ದರು.

ಹ್ಯಾಂಬರ್ಗಿನಲ್ಲಿ ಮೊದಲೆರಡು ದಿನ ಕೆಲಸ ಸಾಗಲೇ ಇಲ್ಲ. ಡಿಂಗರ್ ತಮ್ಮ ‘ಜಪಾನ್ ಬ್ಯಾಂಜೊ’ವನ್ನು, ಎಂದರೆ ಇದೇ ವಾದ್ಯವನ್ನು, ಸ್ಟುಡಿಯೋಗೆ ತಂದ ಮೇಲೆ ದಾರಿ ತೆರೆದುಕೊಂಡಿತೆಂದು ಅವರು ನೆನಪಿಸಿಕೊಂಡಿದ್ದಾರೆ. ಹಾಗೆ ಮೊದಲು ಮುದ್ರಣಗೊಂಡದ್ದು ‘ನೆಗೆಟಿವ್‌ಲಾಂಡ್’ ಎಂಬ ರಚನೆ. ಆದರೆ ಮನೆಯಲ್ಲಿ ಕೇಳಿದ ಆ ಇಂಪಾದ ಟಿಣ್ ಟಿಣ್ ಸದ್ದನ್ನು ನಿರೀಕ್ಷಿಸಬೇಡಿ. ರಸ್ತೆ ಅಗೆಯುವ ಯಂತ್ರದ ಅಬ್ಬರದೊಂದಿಗೆ ಆ ರಚನೆ ಆರಂಭವಾಗುತ್ತದೆ, ವಾದ್ಯದ ಸದ್ದನ್ನು ಗುರುತು ಸಿಗದಷ್ಟು ಮಾರ್ಪಡಿಸಲಾಗಿದೆ. ‘ಹಲೋಗಾಲೋ’ದ ಬೆಳಕು ಇದರಲ್ಲಿಲ್ಲ. ನನಗೆ ಇದು ಆಲ್ಬಂನ ಅತ್ಯಂತ ಕಠಿಣ ಭಾಗ, ರಾತ್ರಿ ಹೊತ್ತು ಹೆಡ್‌ಫೋನ್ ಹಾಕಿಕೊಂಡು ಕೇಳಲು ಮನಸ್ಸಾಗುವುದಿಲ್ಲ.

ಪ್ರಶ್ನೆ: ನಾನು ಡ್ರಮ್ಸ್ ಕಲಿಯುತ್ತಿದ್ದೇನೆ. ‘ಹಲೋಗಾಲೋ’ದಲ್ಲಿ ಡ್ರಮ್ಸ್ ಹಿಡಿದಿರುವ ‘ಮೋಟರಿಕ್’ ಎಂಬ ಈ ನಡೆಯನ್ನು ಐದು ನಿಮಿಷದಲ್ಲಿ ಕಲಿತೆ. ಇಷ್ಟು ಸುಲಭವಾದದ್ದನ್ನು ಅಷ್ಟೊಂದು ಹೊಗಳುವುದೇಕೆ?
— ಓದುಗರು, ಮೈಸೂರು

ಉತ್ತರ: ಐದು ನಿಮಿಷದಲ್ಲಿ ಕಲಿತದ್ದನ್ನು ಹತ್ತು ನಿಮಿಷ ನುಡಿಸಿ ನೋಡಿ. ನಾಲ್ಕು ಎಣಿಕೆಯ ಆವರ್ತ, ಎರಡು ಮತ್ತು ನಾಲ್ಕರ ಮೇಲೆ ಚುರುಕು ಸದ್ದಿನ ಸ್ನೇರ್ ಡ್ರಮ್, ಅವುಗಳ ನಡುವಿನ ಜಾಗವನ್ನು ತುಂಬುತ್ತಾ ಮುಂದಕ್ಕೆ ನೂಕುವ ಬಾಸ್ ಡ್ರಮ್, ಮೇಲೆ ಸಮನಾಗಿ ಓಡುವ ಹೈ-ಹ್ಯಾಟ್ ಎಂಬ ಜೋಡಿ ತಾಳತಟ್ಟೆ. ಬರೆದರೆ ಒಂದು ಸಾಲು. ಆದರೆ ವೇಗ ಏರದಂತೆ, ಇಳಿಯದಂತೆ, ಕೈಗೆ ಬೇಸರವಾಗಿ ಅಲಂಕಾರ ಸೇರಿಸುವ ಆಸೆ ಮೂಡದಂತೆ ಅದನ್ನು ಉಳಿಸಿಕೊಳ್ಳುವುದು ಕರ್ನಾಟಕ ಸಂಗೀತ ಕಛೇರಿಯಲ್ಲಿ ತಾಳವಾದ್ಯದವರು ಒಂಟಿಯಾಗಿ ನುಡಿಸುವ ತನಿ ಆವರ್ತನದಷ್ಟೇ ಗಂಭೀರವಾದ ಅಭ್ಯಾಸ ಎಂದು ನಾನು ನಂಬಿದ್ದೇನೆ. ಡಿಂಗರ್‌ಗೆ ‘ಮೋಟರಿಕ್’ ಎಂಬ, ವಿಮರ್ಶಕರು ಕೊಟ್ಟ ಯಾಂತ್ರಿಕ ಹೆಸರು ಹಿಡಿಸಲಿಲ್ಲ. ಅವರು ಅದನ್ನು ‘ಉದ್ದನೆಯ ನೇರ ದಾರಿ’ ಎಂಬ ಅರ್ಥದ ಜರ್ಮನ್ ಪದಗಳಿಂದ ಕರೆಯುತ್ತಿದ್ದರು, ಮುಂದೆ ‘ಅಪಾಚೆ’ ಎಂದರು. ಯಂತ್ರಕ್ಕೆ ದಣಿವಿಲ್ಲ, ಮನುಷ್ಯನಿಗಿದೆ. ದಣಿವನ್ನು ಗೆಲ್ಲುತ್ತಿರುವ ದೇಹದ ಸಣ್ಣ ಏರುಪೇರುಗಳು ಪ್ರತಿ ಏಟಿನಲ್ಲೂ ಇವೆ, ಕಂಪ್ಯೂಟರಿನಲ್ಲಿ ಜೋಡಿಸಿದ ಅದೇ ತಾಳದ ಪಕ್ಕದಲ್ಲಿಟ್ಟು ಕೇಳಿದರೆ ನಿಮಗೇ ಗೊತ್ತಾಗುತ್ತದೆ. 1970ರ ದಶಕದ ಮೂರು ದೊಡ್ಡ ತಾಳಗಳೆಂದು ಇಂಗ್ಲಿಷ್ ಸಂಗೀತಗಾರ ಬ್ರಯಾನ್ ಈನೋ ಅವರು ನೈಜೀರಿಯಾದ ಫೆಲಾ ಕುಟಿ ಮತ್ತು ಅಮೆರಿಕದ ಗಾಯಕ ಜೇಮ್ಸ್ ಬ್ರೌನ್ ಅವರ ತಾಳಗಳ ಜೊತೆಗೆ ಇದನ್ನೂ ಎಣಿಸಿದ್ದರು.

ಪ್ರಶ್ನೆ: ಕೊನೆಯ ರಚನೆಯಲ್ಲಿ ಯಾರೋ ಹಾಡಿದ್ದಾರಲ್ಲ? ಮತ್ತು ಎರಡನೆಯ ಆಲ್ಬಂನ ರೆಕಾರ್ಡಿನ ಎರಡನೆಯ ಮಗ್ಗುಲು ಕೆಟ್ಟ ಮುದ್ರಣದಂತೆ ಕೇಳುತ್ತದೆ, ನನಗೆ ಸಿಕ್ಕ ಪ್ರತಿಯೇ ದೋಷದ್ದೇ?
— ಓದುಗರು, ಶಿವಮೊಗ್ಗ

ಉತ್ತರ: ನಿಮ್ಮ ಪ್ರತಿ ಸರಿಯಾಗಿಯೇ ಇದೆ. 1973ರ ಎರಡನೆಯ ಆಲ್ಬಂ ಅರ್ಧವಾಗುವಷ್ಟರಲ್ಲಿ ಸ್ಟುಡಿಯೋಗೆ ಕೊಡಲು ಹಣ ಮುಗಿದಿತ್ತು. ಆಗ ಅವರು ಅದಕ್ಕೂ ಮುಂಚೆ ಹೊರತಂದಿದ್ದ ‘ಸೂಪರ್’ ಮತ್ತು ‘ನೋಯ್‌ಶ್ನೇ’ ಎಂಬ ಎರಡು ರಚನೆಗಳನ್ನೇ ನಿಮಿಷಕ್ಕೆ 16 ಸುತ್ತು, 78 ಸುತ್ತು ಹೀಗೆ ಬೇರೆ ಬೇರೆ ವೇಗಗಳಲ್ಲಿ ಓಡಿಸಿ ಮುದ್ರಿಸಿ, ಉಳಿದ ಮಗ್ಗುಲನ್ನು ತುಂಬಿದರು. ಆಗ ಹಲವರು ಇದನ್ನು ಕೇಳುಗರಿಗೆ ಮಾಡಿದ ಮೋಸವೆಂದು ಬಗೆದರು. ಅದರಲ್ಲಿ ಒಂದೆರಡು ತುಣುಕುಗಳು ಮಾತ್ರ ನಿಜಕ್ಕೂ ಸಂಗೀತವಾಗಿ ನಿಲ್ಲುತ್ತವೆ ಎಂದು ನನಗನ್ನಿಸುತ್ತದೆ, ಉಳಿದವು ಕುತೂಹಲಕ್ಕೆ ಒಮ್ಮೆ ಕೇಳಬಹುದಾದವು. 1975ರ ಮೂರನೆಯ ಆಲ್ಬಂಗೆ ಅದಕ್ಕಿಂತ ಮೊದಲು ಹೋಗಿ.

ಮೊದಲ ಆಲ್ಬಂನ ಕೊನೆಯಲ್ಲಿ, ‘ಲೀಬರ್ ಹೋನಿಗ್’ನಲ್ಲಿ, ಹಾಡಿದವರು ಡಿಂಗರ್. ಡ್ರಮ್ಸ್ ಅದರಲ್ಲಿ ಪೂರ್ತಿಯಾಗಿ ನಿಂತುಹೋಗಿದೆ. ಆ ಹೆಸರಿನ ಅರ್ಥ ‘ಪ್ರಿಯ ಜೇನು’. ಮಾತು ಸ್ಪಷ್ಟವಾಗುವುದಿಲ್ಲ, ದನಿ ಒಡೆದಿದೆ, ಗಂಟಲಿನಲ್ಲೇ ಸಿಕ್ಕಿಕೊಂಡ ಮಾತನ್ನು ಕಷ್ಟಪಟ್ಟು ಹೊರಡಿಸಿದಂತಿದೆ. ಮೊದಲ ಸಲ ಕೇಳಿದಾಗ ಅದನ್ನು ದಾಟಿಸಿ ಮುಂದೆ ಹೋಗಿದ್ದೆ. ಈಗ, ಅಷ್ಟು ಹೊತ್ತು ಒಂದೇ ಸಮನೆ ಡ್ರಮ್ಸ್ ಬಾರಿಸಿದ ಮನುಷ್ಯನೇ ಹೀಗೆ ಏದುಸಿರಿನಲ್ಲಿ ಪಿಸುಗುಡುತ್ತಿದ್ದಾನೆಂದು ತಿಳಿದು ಕೇಳುವಾಗ, ಅದು ಮುಗಿಯುವ ತನಕ ಕೈ ಬೇರೆ ಕೆಲಸಕ್ಕೆ ಹೋಗುವುದಿಲ್ಲ.