ಲ್ಯಾಬಿನ ಪುಟ್ಟ ಖುಷಿಗಳು: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಜೀವವಿಜ್ಞಾನದ ಲ್ಯಾಬಿನಲ್ಲಿ ದಿನನಿತ್ಯ ಸಿಗುವ ಸಣ್ಣ ಸಂತೋಷಗಳ ಬಗ್ಗೆ ಬರೆಯಿರಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ‘ಅದು ನನಗೇಕೆ ಸಿಗುತ್ತಿಲ್ಲ’ ಎಂದೇ ಕೇಳಿವೆ. ಇವೆಲ್ಲ ಕೈ ಪಳಗಿದಂತೆ ಒಲಿಯುವ ಖುಷಿಗಳು. ಹಾಗಾಗಿ ಉತ್ತರಗಳೂ ಕೈಕೆಲಸದ ಬಗ್ಗೆಯೇ ಇವೆ.

ಡಿಎನ್ಎ ತುಂಡುಗಳನ್ನು ಗಾತ್ರದಂತೆ ಬೇರ್ಪಡಿಸುವ ಜೆಲ್‌ನ ವೆಲ್‌ನೊಳಗೆ (ಮಾದರಿ ಹಾಕುವ ಪುಟ್ಟ ಕುಳಿ) ನೀಲಿ ಮಾದರಿ ಇಳಿದು ಕೂರುವುದನ್ನು ನೋಡುವುದೇ ಚೆಂದ ಎನ್ನುತ್ತಾರೆ. ನಾನು ಹಾಕಿದ್ದು ಮೇಲೆದ್ದು ಸುತ್ತಲಿನ ಬಫರ್ ದ್ರಾವಣದಲ್ಲಿ ಚೆದುರಿಹೋಗುತ್ತದೆ. ಕಾರಣವೇನು?

ಮೊದಲು ಅನುಮಾನಿಸಬೇಕಾದದ್ದು ಆಲ್ಕೋಹಾಲನ್ನು. ಕಾಲಮ್‌ನಲ್ಲಿ (ಡಿಎನ್ಎಯನ್ನು ಹಿಡಿದಿಡುವ ಪುಟ್ಟ ಕೊಳವೆ) ಶುದ್ಧಮಾಡಿದ ಡಿಎನ್ಎಯಲ್ಲಿ ತೊಳೆಯುವ ದ್ರಾವಣದ ಎಥನಾಲ್ ಉಳಿದಿದ್ದರೆ ಮಾದರಿಗೆ ಬೆರೆಸುವ ನೀಲಿ ಲೋಡಿಂಗ್ ಡೈ ಎಷ್ಟೇ ಸರಿಯಿದ್ದರೂ ಮಾದರಿ ತೇಲುತ್ತದೆ. ಕೊನೆಯ ತೊಳೆತದ ನಂತರ ಖಾಲಿ ಕಾಲಮನ್ನು ಇನ್ನೊಮ್ಮೆ 1–2 ನಿಮಿಷ ಸೆಂಟ್ರಿಫ್ಯೂಜ್‌ನಲ್ಲಿ (ವೇಗವಾಗಿ ಸುತ್ತುವ ಯಂತ್ರ) ತಿರುಗಿಸಿ. ಬಹುತೇಕ ಸಲ ಇಷ್ಟೇ ಸಾಕು. ಎರಡನೆಯ ಅನುಮಾನ ಡೈ ಪ್ರಮಾಣದ ಮೇಲೆ. ಅದರಲ್ಲಿರುವ ಗ್ಲಿಸರಾಲೇ ಮಾದರಿಗೆ ಭಾರ ಕೊಡುವುದು. ಆರು ಪಟ್ಟು ಸಾಂದ್ರತೆಯ ಡೈ ಆದರೆ 5 ಮೈಕ್ರೋಲೀಟರ್ ಮಾದರಿಗೆ 1 ಮೈಕ್ರೋಲೀಟರ್ ಬೇಕು.

ಎರಡೂ ಸರಿಯಿದ್ದರೆ ತಪ್ಪು ಜೆಲ್‌ನಲ್ಲೋ ಕೈಯಲ್ಲೋ ಇದೆ. 100 ಮಿ.ಲೀ. ಟಿಎಇ ಬಫರ್‌ಗೆ ಜೆಲ್ ಆಗುವ ಅಗರೋಸ್ ಪುಡಿ 1 ಗ್ರಾಂ ಹಾಕಿ ಕುದಿಸಿ, ಫ್ಲಾಸ್ಕನ್ನು ಬೆಳಕಿಗೆ ಹಿಡಿದು ಅಲುಗಿಸಿ. ಗಾಜಿನ ಚೂರಿನಂಥ ಪಾರದರ್ಶಕ ಕಣಗಳು ಸುತ್ತುತ್ತಿದ್ದರೆ ಇನ್ನೂ ಕರಗಿಲ್ಲ. ಸುಮಾರು 60 ಡಿಗ್ರಿಗೆ ಆರಿದ ಮೇಲೆ ಸುರಿಯಿರಿ. ವೆಲ್‌ಗಳನ್ನು ಮೂಡಿಸುವ ಕೋಂಬ್‌ನ (ಬಾಚಣಿಗೆ) ಹಲ್ಲುಗಳು ಟ್ರೇಯ ತಳಕ್ಕೆ ತಾಗಬಾರದು, 1 ಮಿ.ಮೀ. ಎತ್ತರದಲ್ಲಿರಲಿ. ತಾಗಿದರೆ ವೆಲ್‌ಗೆ ತಳವೇ ಇರದು, ಮಾದರಿ ಜೆಲ್‌ನ ಅಡಿಯಿಂದ ಸೋರಿಹೋಗುತ್ತದೆ. 20–30 ನಿಮಿಷ ಗಟ್ಟಿಯಾಗಲು ಬಿಟ್ಟು, ಮೇಲೆ ಬಫರ್ ಸುರಿದ ನಂತರವೇ ಕೋಂಬ್ ಎಳೆಯಿರಿ. ಒಣಗಿದ್ದಾಗ ಎಳೆದರೆ ವೆಲ್ ಹರಿಯುತ್ತದೆ.

ಇನ್ನು ಲೋಡ್ ಮಾಡುವುದು. ಪಿಪೆಟ್‌ಗೆ (ಅಳತೆಯಷ್ಟೇ ದ್ರವ ಹೀರಿ ಬಿಡುವ ಉಪಕರಣ) ಸಿಕ್ಕಿಸಿದ ಟಿಪ್‌ನ ತುದಿಯಲ್ಲಿ ಗಾಳಿ ಸೇರಿರಬಾರದು. ಆ ಒಂದು ಗುಳ್ಳೆ ಮೊದಲು ಹೊರಬಂದು ಮಾದರಿಯನ್ನೂ ಎಬ್ಬಿಸಿಕೊಂಡು ಹೋಗುತ್ತದೆ. ಮೊಣಕೈಯನ್ನು ಮೇಜಿಗೆ ಊರಿ, ಇನ್ನೊಂದು ಕೈಯ ಬೆರಳಿನಿಂದ ಪಿಪೆಟ್‌ಗೆ ಆಸರೆ ಕೊಡಿ. ಟಿಪ್ ವೆಲ್‌ನ ಬಾಯಿಯನ್ನು ದಾಟಿದರೆ ಸಾಕು, ತಳ ಮುಟ್ಟಬೇಕಿಲ್ಲ. ನಿಧಾನವಾಗಿ ಒತ್ತಿ, ಒತ್ತಿದ ಹೆಬ್ಬೆರಳನ್ನು ಸಡಿಲಿಸದೆಯೇ ಪಿಪೆಟ್ಟನ್ನು ಮೇಲೆತ್ತಿ. ನೀರಿನೊಳಗೇ ಬೆರಳು ಸಡಿಲಿಸಿದರೆ ಹಾಕಿದ್ದೆಲ್ಲ ಮತ್ತೆ ಟಿಪ್‌ಗೆ ಏರುತ್ತದೆ. ಸರಿಯಾಗಿ ಮಾಡಿದಾಗ ನೀಲಿ ಬಣ್ಣ ಕೆಳಗಿಳಿದು, ಅಂಚು ಕತ್ತರಿಸಿದಂತೆ ನಿಲ್ಲುತ್ತದೆ. ಎಷ್ಟು ಸಲ ನೋಡಿದರೂ ಹಳತಾಗದ ನೋಟ ಅದು.

ಕರೆಂಟ್ ಹಾಕಿದ ಮೇಲೆ ಇನ್ನೂ ಒಂದಿದೆ: ಎರಡೂ ತಂತಿಗಳಿಂದ ಸಣ್ಣ ಗುಳ್ಳೆಗಳು ಏಳುತ್ತವೆ. ಋಣ ತುದಿಯಲ್ಲಿ ಹೈಡ್ರೋಜನ್, ಧನ ತುದಿಯಲ್ಲಿ ಅದರ ಅರ್ಧದಷ್ಟು ಆಕ್ಸಿಜನ್. ಗುಳ್ಳೆ ಹೆಚ್ಚಿರುವ ಕಡೆ ವೆಲ್‌ಗಳಿದ್ದರೆ ದಿಕ್ಕು ಸರಿ, ಏಕೆಂದರೆ ಡಿಎನ್ಎ ಓಡುವುದು ಧನ ತುದಿಯತ್ತ.

ಬ್ಯಾಕ್ಟೀರಿಯಾದ ಒಂಟಿ ಕಾಲನಿಗಳು (ಬಿಡಿ ಚುಕ್ಕಿಗಳು) ನನ್ನ ತಟ್ಟೆಯಲ್ಲಿ ಬರುವುದೇ ಇಲ್ಲ, ಬರೀ ಪಟ್ಟೆ. ಗೀರುವ ಕ್ರಮ ತಿಳಿಸಿ.

ತಟ್ಟೆಯನ್ನು ಮನಸ್ಸಿನಲ್ಲೇ ನಾಲ್ಕು ಭಾಗ ಮಾಡಿ. ಲೂಪನ್ನು (ತುದಿಯಲ್ಲಿ ಬಳೆಯಿರುವ ತಂತಿ) ಕೆಂಪಗೆ ಕಾಯಿಸಿ, ತಟ್ಟೆಯಲ್ಲಿನ ಪೋಷಕಾಂಶದ ಜೆಲ್ಲಿಯಾದ ಅಗರ್‌ನ ಅಂಚಿಗೆ ಮುಟ್ಟಿಸಿ ಆರಿಸಿ. ಚುರ್ ಎಂದರೆ ಇನ್ನೂ ಬಿಸಿಯಿದೆ. ಕಣ್ಣಿಗೆ ಕಂಡೂ ಕಾಣದಷ್ಟು ಬ್ಯಾಕ್ಟೀರಿಯಾ ತೆಗೆದು ಮೊದಲ ಭಾಗದಲ್ಲಿ ಒತ್ತೊತ್ತಾಗಿ ಗೀರಿ. ಮತ್ತೆ ಕಾಯಿಸಿ, ಆರಿಸಿ, ಮೊದಲ ಭಾಗದ ಅಂಚನ್ನು ಎರಡೇ ಸಲ ದಾಟಿ ಎರಡನೆಯದಕ್ಕೆ ಎಳೆಯಿರಿ. ಮೂರನೆಯದಕ್ಕೂ ಹಾಗೆಯೇ. ನಾಲ್ಕನೆಯದರಲ್ಲಿ ಗೀರುಗಳ ನಡುವೆ ಧಾರಾಳ ಜಾಗ ಬಿಡಿ, ಮೊದಲ ಭಾಗವನ್ನು ಮರಳಿ ಮುಟ್ಟಲೇಬೇಡಿ. ‘ಬರೀ ಪಟ್ಟೆ’ ಬರುವವರಲ್ಲಿ ಹೆಚ್ಚಿನವರು ನಡುವೆ ಲೂಪ್ ಕಾಯಿಸುವುದನ್ನು ಬಿಟ್ಟಿರುತ್ತಾರೆ.

ತಟ್ಟೆ ಒದ್ದೆಯಾಗಿದ್ದರೂ ಕಾಲನಿಗಳು ಒಂದಕ್ಕೊಂದು ಹರಿದು ಸೇರುತ್ತವೆ. ಅಗರನ್ನು 50–55 ಡಿಗ್ರಿಗೆ ಆರಿಸಿ, 90 ಮಿ.ಮೀ. ತಟ್ಟೆಗೆ ಸುಮಾರು 20 ಮಿ.ಲೀ. ಸುರಿಯಿರಿ. ಇನ್ನೂ ಬಿಸಿಯಿದ್ದರೆ ಮುಚ್ಚಳದ ತುಂಬ ಹನಿ. ಬೆಳೆಸುವಾಗ ತಟ್ಟೆಯನ್ನು ಬೋರಲು ಹಾಕುವುದೂ ಆ ಹನಿ ಬೀಳದಿರಲೆಂದೇ. ಈ. ಕೋಲಿ ಬ್ಯಾಕ್ಟೀರಿಯಾಕ್ಕೆ 37 ಡಿಗ್ರಿಯಲ್ಲಿ 16–18 ಗಂಟೆ ಸಾಕು. ಮರುದಿನ ಮುಚ್ಚಳ ತೆಗೆದಾಗ ನಾಲ್ಕನೆಯ ಭಾಗದಲ್ಲಿ ದುಂಡನೆಯ ಚುಕ್ಕಿಗಳು ಬಿಡಿಬಿಡಿಯಾಗಿ ಕೂತಿದ್ದರೆ, ಪ್ರತಿ ಚುಕ್ಕಿಯೂ ಒಂದೇ ಜೀವಕೋಶದಿಂದ ಹುಟ್ಟಿದ ಕೋಟಿಗಟ್ಟಲೆ ಸಂತತಿ ಎಂದು ನೆನೆದು ಒಂದು ನಿಮಿಷ ನೋಡಿ.

ಈ ಸುಖಕ್ಕೆ ಫ್ಯಾನಿ ಹೆಸೆ ಅವರನ್ನು ನೆನೆಯಬೇಕು. ಬ್ಯಾಕ್ಟೀರಿಯಾ ವಿಜ್ಞಾನಿ ರಾಬರ್ಟ್ ಕಾಕ್ ಅವರ ಲ್ಯಾಬಿನಲ್ಲಿ ಮೊದಲು ಬಳಸುತ್ತಿದ್ದ ಜಿಲೆಟಿನ್ 37 ಡಿಗ್ರಿಯಲ್ಲಿ ಕರಗಿಬಿಡುತ್ತಿತ್ತು. ಅಡುಗೆಮನೆಯ ಅಗರನ್ನು ಬಳಸಬಹುದೆಂದು 1881ರಲ್ಲಿ ಸೂಚಿಸಿದವರು ಆ ಲ್ಯಾಬಿನ ವಾಲ್ಟರ್ ಹೆಸೆಯವರ ಪತ್ನಿಯಾದ ಆಕೆ. ತಟ್ಟೆಗೆ ಅದನ್ನು ರೂಪಿಸಿದ ಪೆಟ್ರಿಯ ಹೆಸರು ಉಳಿಯಿತು. ಆಕೆಯ ಹೆಸರು ಪಾಠದಲ್ಲಿ ಅಪರೂಪಕ್ಕೂ ಬರುವುದಿಲ್ಲ, ಬರಬೇಕಿತ್ತು.

ಮೂರೇ ಟ್ಯೂಬ್ ಇದ್ದಾಗ ಸೆಂಟ್ರಿಫ್ಯೂಜ್‌ಗೆ ಸಮತೋಲಕ್ಕೆಂದು ನಾಲ್ಕನೆಯದಾಗಿ ನೀರಿನ ಟ್ಯೂಬ್ ಬೇಕೇ ಬೇಕೇ?

24 ಕುಳಿಗಳ ರೋಟರ್ ಆದರೆ ಬೇಡ. ಸಮತೂಕದ ಮೂರನ್ನು 1, 9, 17ರಲ್ಲಿ ಇಡಿ. ಐದಿದ್ದರೆ ಉಳಿದ ಎರಡನ್ನು 2 ಮತ್ತು 14ರಲ್ಲಿ. ತೂಕ ಸಮವಿರಬೇಕು, ಮಟ್ಟವಲ್ಲ: ಎಥನಾಲ್ ತುಂಬಿದ ಟ್ಯೂಬಿಗೆ ಅಷ್ಟೇ ಎತ್ತರದ ನೀರು ಜೋಡಿಯಾಗದು. ಮುಚ್ಚಳದ ಕೀಲು ಹೊರಮುಖವಾಗಿರಲಿ. ಆಗ ಪೆಲೆಟ್ (ತಳಕ್ಕೆ ಅಂಟುವ ಮುದ್ದೆ) ಕಣ್ಣಿಗೆ ಕಾಣದಿದ್ದರೂ ಕೀಲಿನ ಬದಿಯ ಗೋಡೆಯಲ್ಲೇ ಇದೆ ಎಂದು ಗೊತ್ತಿರುತ್ತದೆ.

ದಿನವಿಡೀ ಪಿಪೆಟ್ ಒತ್ತುವುದರಲ್ಲಿ ಏನು ಖುಷಿಯಿದೆ?

ತೂಕದ ಯಂತ್ರದ ಮೇಲೆ ಒಮ್ಮೆ ಪರೀಕ್ಷಿಸಿ ನೋಡಿ. ಕೋಣೆಯ ಉಷ್ಣತೆಗೆ ಬಂದ ಶುದ್ಧ ನೀರನ್ನು 1000 ಮೈಕ್ರೋಲೀಟರ್‌ನಂತೆ ಹತ್ತು ಸಲ ಹಾಕಿ, ಪ್ರತಿಸಲದ ತೂಕ ಬರೆಯಿರಿ. 0.997 ಗ್ರಾಂ ಆಸುಪಾಸಿನಲ್ಲಿರಬೇಕು. ಹತ್ತೂ ಒಂದೇ ಸಮನೆ ಕಡಿಮೆಯಿದ್ದರೆ ದೋಷ ಬಹುಶಃ ಪಿಪೆಟ್‌ನದು: ಸೀಲ್ ಸವೆದಿದೆ, ಇಲ್ಲವೇ ಕ್ಯಾಲಿಬ್ರೇಷನ್ ತಪ್ಪಿದೆ. ಏರುಪೇರಿದ್ದರೆ ಕೈ ಇನ್ನೂ ಪಳಗಿಲ್ಲ. ಟಿಪ್ಪನ್ನು ಮೊದಲು ಎರಡು ಮೂರು ಸಲ ನೀರಿನಲ್ಲಿ ತೋಯಿಸಿ, ಪಿಪೆಟ್ ನೆಟ್ಟಗಿರಲಿ (ಓರೆಯಾದರೆ ಹೆಚ್ಚು ಬರುತ್ತದೆ), 3 ಮಿ.ಮೀ. ಮಾತ್ರ ಮುಳುಗಿಸಿ, ಬೆರಳನ್ನು ಮೆಲ್ಲಗೆ ಬಿಟ್ಟು ಒಂದು ಸೆಕೆಂಡ್ ಕಾಯಿರಿ. ಕೆಲವು ವಾರಗಳಲ್ಲಿ ಹತ್ತೂ ಅಂಕಿಗಳು ಒಂದಕ್ಕೊಂದು ಅಂಟಿಕೊಂಡಂತೆ ಬರತೊಡಗುತ್ತವೆ.

ಮೊದಲ ವರ್ಷದ ಮಕ್ಕಳಿಗೆ ಒಂದೇ ಪೀರಿಯಡ್‌ನಲ್ಲಿ ತೋರಿಸಬಹುದಾದ, ಸಲಕರಣೆ ಹೆಚ್ಚು ಬೇಡದ ನೋಟ ಯಾವುದು?

ಹೈಡ್ರಿಲ್ಲಾ ಎಂಬ ನೀರಿನ ಗಿಡದ ಎಲೆ. ಬಣ್ಣ ಹಾಕುವುದೂ ಬೇಡ, ಕೊಯ್ಯುವುದೂ ಬೇಡ. ತುದಿಯ ಬಳಿಯ ಎಳೆಯ ಎಲೆಯನ್ನು ನೀರಿನ ಹನಿಯಲ್ಲಿಟ್ಟು, ಕವರ್‌ಸ್ಲಿಪ್ಪನ್ನು ಓರೆಯಾಗಿ ಇಳಿಸಿ. ದೀಪದ ಕೆಳಗೆ ಹತ್ತು ನಿಮಿಷವಿಟ್ಟು, ಮೈಕ್ರೋಸ್ಕೋಪ್‌ನ 40 ಪಟ್ಟಿನ ಮಸೂರದಲ್ಲಿ ನಡುನರದ ಪಕ್ಕದ ಜೀವಕೋಶಗಳನ್ನು ನೋಡಿ. ಹಸಿರು ಕ್ಲೋರೋಪ್ಲಾಸ್ಟ್‌ಗಳು ಗೋಡೆಗುಂಟ ಸಾಲಾಗಿ ಸುತ್ತುತ್ತಿರುತ್ತವೆ. ನೀರು ತಣ್ಣಗಿದ್ದರೆ ಚಲನೆ ನಿಧಾನವಾಗಿ ನಿಂತೇಹೋಗಬಹುದು, ಆದ್ದರಿಂದ ಗಿಡವನ್ನು ಮುಂಚಿತವಾಗಿ ಬೆಚ್ಚಗಿನ ನೀರಿನಲ್ಲಿಡಿ. ಕಂಡೆನ್ಸರ್‌ನ ಡಯಾಫ್ರಾಮ್ (ಬೆಳಕಿನ ಕಿಂಡಿ) ಪೂರ್ತಿ ತೆರೆದಿದ್ದರೆ ಎಲ್ಲವೂ ಬಿಳಚಿಕೊಂಡು ಕಾಣುತ್ತದೆ, ಸ್ವಲ್ಪ ಮುಚ್ಚಿ. ಪಠ್ಯದ ಚಿತ್ರದಲ್ಲಿ ನಿಂತೇ ಇದ್ದ ಜೀವಕೋಶ ಓಡಾಡುವುದನ್ನು ಕಂಡ ಮಕ್ಕಳು ಮೈಕ್ರೋಸ್ಕೋಪ್ ಬಿಟ್ಟು ಏಳುವುದಿಲ್ಲ. ಪೀರಿಯಡ್‌ನ ಕೊನೆಗಲ್ಲ, ಮೊದಲಿಗೇ ತೋರಿಸಿ.

ಹೊರಗಿನ ಡಿಎನ್ಎ ತುಂಡು ಸೇರಿದ ಕಾಲನಿ ಬಿಳಿಯಾಗಿ, ಸೇರದ್ದು ನೀಲಿಯಾಗಿ ಕಾಣುವ ನೀಲಿ-ಬಿಳಿ ತಟ್ಟೆಯಲ್ಲಿ ಯಾವುದು ಬಿಳಿ, ಯಾವುದು ತಿಳಿನೀಲಿ ಎಂದು ಬೆಳಿಗ್ಗೆ ಗೊತ್ತಾಗುವುದಿಲ್ಲ.

ಅವಸರಪಡಬೇಡಿ. ತಟ್ಟೆಯನ್ನು 4 ಡಿಗ್ರಿಯಲ್ಲಿ ಕೆಲವು ಗಂಟೆ ಇಡಿ; ನೀಲಿ ಗಾಢವಾಗುತ್ತದೆ, ಬಿಳಿ ಬಿಳಿಯಾಗಿಯೇ ಉಳಿಯುತ್ತದೆ. ಆಂಪಿಸಿಲಿನ್ ಎಂಬ ಆ್ಯಂಟಿಬಯೋಟಿಕ್ ಬೆರೆಸಿದ ತಟ್ಟೆಯಲ್ಲಿ ದೊಡ್ಡ ಕಾಲನಿಯ ಸುತ್ತ ಮುತ್ತಿದ ಪುಟಾಣಿ ಬಿಳಿ ಚುಕ್ಕಿಗಳನ್ನು ಆರಿಸಲೇಬೇಡಿ. ದೊಡ್ಡದು ಔಷಧವನ್ನು ಒಡೆದುಹಾಕಿದ ಜಾಗದಲ್ಲಿ ಬೆಳೆದ ಅವುಗಳಲ್ಲಿ ಪ್ಲಾಸ್ಮಿಡ್ಡೇ (ಔಷಧ ತಡೆಯುವ ಜೀನ್ ಹೊತ್ತ ಡಿಎನ್ಎ ಉಂಗುರ) ಇರುವುದಿಲ್ಲ.