ಕೋಝಿ ಮಿಸ್ಟರಿ ಕಾದಂಬರಿಯ ವಿಮರ್ಶೆಯಲ್ಲಿ ಕತೆ ಎಷ್ಟು ಹೇಳಬಹುದು?

ನಾನಾದರೆ ಹೆಣ ಸಿಗುವವರೆಗೆ ಹೇಳುತ್ತೇನೆ, ಅಲ್ಲಿಂದಾಚೆ ಬಾಯಿಗೆ ಬೀಗ. ಕೋಝಿ ಎಂದರೆ ಸಣ್ಣ ಊರು, ಎಲ್ಲರಿಗೂ ಎಲ್ಲರ ಪರಿಚಯ, ಪೊಲೀಸರಲ್ಲದ ಪತ್ತೇದಾರರು, ರಕ್ತಪಾತವೆಲ್ಲ ತೆರೆಮರೆಯಲ್ಲಿ. ಅಗಾಥಾ ಕ್ರಿಸ್ಟಿಯ ‘ದಿ ಮರ್ಡರ್ ಅಟ್ ದಿ ವಿಕರೇಜ್’ (1930) ನೋಡಿ, ಹವ್ಯಾಸಿ ಪತ್ತೇದಾರಿಣಿ ಮಿಸ್ ಮಾರ್ಪಲ್ ಬರುವ ಮೊದಲ ಕಾದಂಬರಿ. ಊಟದ ಮೇಜಿನಲ್ಲಿ ಮಾಂಸ ಕೊಯ್ಯುತ್ತಾ ಪಾದ್ರಿಯೇ, ಕರ್ನಲ್ ಪ್ರೊಥೆರೋನನ್ನು ಯಾರಾದರೂ ಕೊಂದರೆ ಲೋಕಕ್ಕೇ ಉಪಕಾರ ಎನ್ನುತ್ತಾರೆ. ಆಮೇಲೆ ಕರ್ನಲ್ಲನ ಹೆಣ ಸಿಗುವುದು ಅದೇ ಪಾದ್ರಿಯ ಓದುಕೋಣೆಯಲ್ಲಿ. ಇಷ್ಟು ಸಾಕು, ಓದುಗರು ಪುಸ್ತಕ ಹುಡುಕುತ್ತಾರೆ.

ಉಳಿದ ಜಾಗ ಊರಿಗೆ ಕೊಡಿ: ಸೇಂಟ್ ಮೇರಿ ಮೀಡ್‌ನ ಹರಟೆ, ತೋಟದ ಕೆಲಸದ ನೆಪದಲ್ಲಿ ಬೀದಿಯ ಮೇಲೇ ಕಣ್ಣಿಟ್ಟಿರುವ ಮಾರ್ಪಲ್. ಸುಳಿವುಗಳು ನಮ್ಮ ಕಣ್ಣೆದುರೇ ಇದ್ದವೇ ಎಂಬುದನ್ನೂ ಹೇಳಿ. ‘ಕೊನೆಯ ತಿರುವು ಊಹಿಸೋಕೇ ಆಗಲ್ಲ’ ಅಂತ ಮಾತ್ರ ಬರೆಯಬೇಡಿ, ಅದೂ ಸುಳಿವೇ!